ಟಿಬೆಟ್‌ಗೆ ಬಿದ್ದ ಮತ, ಬೀಳದ ಮತ

1959ರ ಅಕ್ಟೋಬರ್ 21. ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಟಿಬೆಟ್ ಕುರಿತ ನಿರ್ಣಯವನ್ನು ಮತಕ್ಕೆ ಹಾಕಿತು. ಪರವಾಗಿ 45, ವಿರುದ್ಧ 9, ತಟಸ್ಥ 26. ಆ ಇಪ್ಪತ್ತಾರರಲ್ಲಿ ಭಾರತವೂ ಒಂದು. ಅದೇ ತಾರೀಖು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಗಸ್ತಿಗೆ ಹೋಗಿದ್ದ ಭಾರತದ ಹತ್ತು ಪೊಲೀಸರು ಚೀನೀ ಸೈನಿಕರ ಗುಂಡಿಗೆ ಬಲಿಯಾದರು. ಪ್ರತಿವರ್ಷ ಅಕ್ಟೋಬರ್ 21ರ ಬೆಳಗ್ಗೆ ನಮ್ಮ ಜಿಲ್ಲಾ ಕೇಂದ್ರಗಳ ಪೊಲೀಸ್ ಕವಾಯತು ಮೈದಾನಗಳಲ್ಲಿ ನಡೆಯುವ ಹುತಾತ್ಮರ ದಿನಾಚರಣೆ ಶುರುವಾದದ್ದು ಆ ಹತ್ತು ಮಂದಿಯ ನೆನಪಿನಲ್ಲಿ. ಗುಂಡು ಹಾರಿಸಿ ಗೌರವ ಸಲ್ಲಿಸುವ ಆ ದಿನವೇ ಭಾರತ ಟಿಬೆಟ್‌ನ ವಿಷಯದಲ್ಲಿ ಹೌದು ಅನ್ನದೆ, ಅಲ್ಲ ಅನ್ನದೆ ಕೂತಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಒಂದು ಪ್ರದೇಶದ ಬಂಡಾಯವನ್ನು ದೊಡ್ಡ ದೇಶವೊಂದು ಸೈನ್ಯ ಬಿಟ್ಟು ಅಡಗಿಸಿದಾಗ ಹೊರಗಿನ ಲೋಕ ಏನು ಮಾಡುತ್ತದೆ ಎಂದು ಕೇಳುವವರಿಗೆ ಟಿಬೆಟ್‌ಗಿಂತ ಉದ್ದದ ದಾಖಲೆ ಸಿಗುವುದು ಕಷ್ಟ. 1959ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ. ಎರಡು ಸಲವೂ ಲೋಕ ಸುಮ್ಮನಿರಲಿಲ್ಲ, ಹೇಳಿಕೆಗಳಿಗೆ ಬರವಿರಲಿಲ್ಲ. ಆದರೆ ಯಾವ ದೇಶ ಏನು ಹೇಳಿತು ಎಂಬುದನ್ನು ಸಾಲಾಗಿ ಇಟ್ಟು ನೋಡಿದರೆ ಲ್ಹಾಸಾದಲ್ಲಿ ಏನಾಯಿತು ಎನ್ನುವುದಕ್ಕಿಂತ ಆಯಾ ದೇಶದ ಸ್ವಂತ ಮನೆಯಲ್ಲಿ ಆಗ ಏನು ನಡೆದಿತ್ತು ಎನ್ನುವುದೇ ಎದ್ದು ಕಾಣುತ್ತದೆ.

ಮೊದಲು ನಡೆದದ್ದನ್ನು ನೋಡೋಣ. 1951ರ ಮೇ 23ರಂದು ಬೀಜಿಂಗ್‌ನಲ್ಲಿ ಸಹಿಯಾದ 17 ಅಂಶಗಳ ಒಪ್ಪಂದ ಟಿಬೆಟನ್ನು ಚೀನಾದ ಭಾಗವಾಗಿಸಿ, ಅಲ್ಲಿನ ಆಡಳಿತಕ್ಕೂ ಧರ್ಮಕ್ಕೂ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿತ್ತು. ಆ ಮಾತು ಪೂರ್ವದ ಖಾಮ್ ಸೀಮೆಯಲ್ಲಿ ಮೊದಲು ಮುರಿಯಿತು. ಅಲ್ಲಿ ಭೂಸುಧಾರಣೆಯನ್ನು ಬಲವಂತದಿಂದ ತಂದಾಗ 1956ರಲ್ಲಿ ಬಂಡಾಯ ಎದ್ದಿತು, ಲಿಥಾಂಗ್ ಮಠದ ಮೇಲೆ ವಿಮಾನಗಳಿಂದ ಬಾಂಬು ಬಿತ್ತು. ಓಡಿಬಂದವರೆಲ್ಲ ಲ್ಹಾಸಾ ಸುತ್ತ ಡೇರೆ ಹಾಕಿದರು. 1959ರ ಮಾರ್ಚ್‌ನಲ್ಲಿ ಚೀನೀ ಸೇನಾ ಕೇಂದ್ರದಲ್ಲಿ ನಡೆಯುವ ನೃತ್ಯ ಪ್ರದರ್ಶನಕ್ಕೆ ಅಂಗರಕ್ಷಕರಿಲ್ಲದೆ ಬರಬೇಕು ಎಂದು 23ರ ಹರೆಯದ ದಲೈ ಲಾಮಾಗೆ ಕರೆ ಹೋಯಿತು. ಸುದ್ದಿ ಹಬ್ಬಿ, ಮಾರ್ಚ್ 10ರಂದು ಸಾವಿರಾರು ಜನ ನಾರ್ಬುಲಿಂಗ್ಕಾ ಅರಮನೆಯನ್ನು ಸುತ್ತುವರಿದು ಅವರನ್ನು ಹೊರಗೆ ಬಿಡದಂತೆ ಕಾವಲು ನಿಂತರು. ಮಾರ್ಚ್ 17ರ ರಾತ್ರಿ ದಲೈ ಲಾಮಾ ಸಿಪಾಯಿಯ ವೇಷದಲ್ಲಿ ಹೊರಬಿದ್ದರು. 20ರಂದು ತೋಪುಗಳು ಮೊಳಗಿದವು. 28ರಂದು ಚೀನಾದ ಪ್ರಧಾನಿ ಚೌ ಎನ್‌ಲೈ ಟಿಬೆಟ್ ಸರ್ಕಾರವನ್ನೇ ವಿಸರ್ಜಿಸಿದರು. ಮೂರು ದಿನ ಕಳೆದು ದಲೈ ಲಾಮಾ ತವಾಂಗ್ ಕಡೆಯಿಂದ ಗಡಿ ದಾಟಿ ಭಾರತಕ್ಕೆ ಬಂದರು.

ವಿಶ್ವಸಂಸ್ಥೆಯಲ್ಲಿ ಟಿಬೆಟ್ ಪರ ಮೊದಲು ದನಿ ಎತ್ತಿದ ದೇಶ ಯಾವುದು ಎಂದರೆ ಯಾರೂ ಊಹಿಸಲಾರರು: ಮಧ್ಯ ಅಮೆರಿಕದ ಪುಟಾಣಿ ಎಲ್ ಸಾಲ್ವಡೋರ್. ಅದು 1950ರ ನವೆಂಬರ್‌ನಲ್ಲಿ, ಚೀನೀ ಸೈನ್ಯ ಪೂರ್ವ ಟಿಬೆಟ್‌ನ ಚಾಮ್ಡೋ ಹಿಡಿದ ಮರುತಿಂಗಳು. ಆಗ ಬ್ರಿಟನ್, ಪರಿಸ್ಥಿತಿ ಸ್ಪಷ್ಟವಿಲ್ಲ ಎಂದಿತು. ಭಾರತ, ಮಾತುಕತೆಯಿಂದ ಬಗೆಹರಿಯುವ ಭರವಸೆ ಇದೆ ಎಂದಿತು. ಚರ್ಚೆ ಮುಂದಕ್ಕೆ ಹೋಯಿತು, ಹಾಗೇ ಉಳಿಯಿತು. ಒಂಬತ್ತು ವರ್ಷದ ನಂತರ ನಿರ್ಣಯ ಮಂಡಿಸಿದವು ಐರ್ಲೆಂಡ್ ಮತ್ತು ಮಲಯಾ. ಒಂದು ಬ್ರಿಟಿಷರ ಕೈಯಿಂದ ಬಿಡಿಸಿಕೊಂಡ ನೆನಪು ಆರದ ದೇಶ, ಇನ್ನೊಂದು ಸ್ವತಂತ್ರವಾಗಿ ಬರೀ ಎರಡು ವರ್ಷವಾಗಿದ್ದ ದೇಶ. ನಿರ್ಣಯದ ಪಠ್ಯ ಓದಿದರೆ ಆಶ್ಚರ್ಯವಾಗುತ್ತದೆ. ಟಿಬೆಟ್ ಜನರ ಮೂಲಭೂತ ಹಕ್ಕು, ಅವರ ವಿಶಿಷ್ಟ ಸಾಂಸ್ಕೃತಿಕ ಮತ್ತು ಧಾರ್ಮಿಕ ಬದುಕನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ; ಯಾರು ಗೌರವಿಸಬೇಕು ಎಂದು ಹೇಳುವುದಿಲ್ಲ. ಚೀನಾದ ಹೆಸರೇ ಅದರಲ್ಲಿಲ್ಲ.

ಇಷ್ಟು ಮೆತ್ತಗಿನ ನಿರ್ಣಯಕ್ಕೂ ಕೈ ಎತ್ತದ ಇಪ್ಪತ್ತಾರು ದೇಶಗಳ ಪಟ್ಟಿ ಓದಲು ಸ್ವಾರಸ್ಯವಾಗಿದೆ. ಫ್ರಾನ್ಸ್ ಇದೆ, ಅದರ ಸೈನ್ಯ ಆಗ ಅಲ್ಜೀರಿಯಾದಲ್ಲಿ ಇದೇ ಕೆಲಸ ಮಾಡುತ್ತಿತ್ತು. ಕಾಂಗೋ ಹಿಡಿದಿಟ್ಟುಕೊಂಡಿದ್ದ ಬೆಲ್ಜಿಯಂ ಇದೆ. ಗೋವಾ, ಅಂಗೋಲಾ ಬಿಡದ ಪೋರ್ಚುಗಲ್ ಇದೆ. ವರ್ಣಭೇದವನ್ನು ಕಾನೂನೇ ಮಾಡಿಕೊಂಡಿದ್ದ ದಕ್ಷಿಣ ಆಫ್ರಿಕಾ ಇದೆ. ಇಂದು ಟಿಬೆಟ್‌ನ ಮಾತು ಎತ್ತಿದರೆ ನಾಳೆ ತಮ್ಮ ಅಂಗಳದ ಮಾತು ಬರುತ್ತದೆ ಎಂಬ ಅಂಜಿಕೆ ಇವರದು. ಚೀನಾದ ಪಕ್ಕದಲ್ಲೇ ಬದುಕಬೇಕಾದ ನೇಪಾಳ, ಬರ್ಮಾ ಕೂಡ ತಟಸ್ಥ. ವಿರುದ್ಧ ಬಿದ್ದ ಒಂಬತ್ತೂ ಸೋವಿಯತ್ ಬಣದವು. ಅವುಗಳಲ್ಲಿ ಹಂಗೆರಿಯ ಮತವೂ ಒಂದು. ಮೂರೇ ವರ್ಷದ ಹಿಂದೆ ಬುಡಾಪೆಸ್ಟ್‌ನ ಬೀದಿಗಳಲ್ಲಿ ಸೋವಿಯತ್ ಟ್ಯಾಂಕುಗಳು ಓಡಾಡಿದ್ದ ದೇಶ, ಟಿಬೆಟ್‌ನಲ್ಲಿ ಅಂಥದ್ದೇನೂ ಚರ್ಚೆಗೆ ಬರಬಾರದು ಎಂದು ಕೈ ಎತ್ತಿತ್ತು.

ಬಹಿರಂಗದಲ್ಲಿ ಚೀನಾದ ಬೆನ್ನಿಗೆ ನಿಂತ ಮಾಸ್ಕೋ ಒಳಗೆ ಬೇರೆಯೇ ಮಾತಾಡುತ್ತಿತ್ತು. ಆ ಮತದಾನಕ್ಕೆ ಸುಮಾರು ಮೂರು ವಾರ ಮೊದಲು, ಅಕ್ಟೋಬರ್ 2ರಂದು, ಬೀಜಿಂಗ್‌ಗೆ ಬಂದಿದ್ದ ಸೋವಿಯತ್ ನಾಯಕ ಕ್ರುಶ್ಚೇವ್ ಮಾವೋ ಮುಖಕ್ಕೇ ಹೇಳಿದ್ದರು: ಟಿಬೆಟ್‌ನಲ್ಲಿ ಆದದ್ದಕ್ಕೆ ನೀವೇ ಹೊಣೆ, ಅಲ್ಲಿ ಆಳುತ್ತಿದ್ದವರು ನೀವು, ದಲೈ ಲಾಮಾ ಏನು ಯೋಚಿಸುತ್ತಿದ್ದಾರೆ ಎಂಬ ಸುಳಿವಾದರೂ ನಿಮಗೆ ಇರಬೇಕಿತ್ತು. ನೆಹರೂ ಹೇಳುವುದೂ ಇದನ್ನೇ ಎಂದು ಮಾವೋ ಕಟಕಿಯಾಡಿದರಂತೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಬಂದ ಈ ಸಂಭಾಷಣೆಯ ದಾಖಲೆ ಓದಿದವರಿಗೆ, ವಿಶ್ವಸಂಸ್ಥೆಯ ವೇದಿಕೆಯ ಭಾಷಣಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಅಮೆರಿಕದ್ದು ಇನ್ನೊಂದು ಬಗೆ. ಅದು 45ರ ಪೈಕಿ ಕೈ ಎತ್ತಿತು, ಜೊತೆಗೆ ಕೈಗೆ ಬಂದೂಕನ್ನೂ ಕೊಟ್ಟಿತು. ಸಿಐಎ 1957ರಿಂದಲೇ ಖಾಮ್ ಸೀಮೆಯ ಖಾಂಪಾ ಯುವಕರಿಗೆ ತರಬೇತಿ ಕೊಟ್ಟು ರಾತ್ರಿ ವಿಮಾನದಿಂದ ಟಿಬೆಟ್‌ನೊಳಗೆ ಇಳಿಸುತ್ತಿತ್ತು. ಆಮೇಲೆ ಕೊಲರಾಡೋದ ಕ್ಯಾಂಪ್ ಹೇಲ್ ಎಂಬ ಬೆಟ್ಟದ ಶಿಬಿರದಲ್ಲಿ ತರಬೇತಿ, ನೇಪಾಳದ ಮುಸ್ತಾಂಗ್‌ನಲ್ಲಿ ನೆಲೆ. ಟಿಬೆಟ್ ಸ್ವತಂತ್ರವಾಗಲಿ ಎಂಬುದು ಇದರ ಗುರಿ ಆಗಿರಲೇ ಇಲ್ಲ. ಚೀನಾಕ್ಕೆ ಕಿರಿಕಿರಿ ಆದರೆ ಸಾಕಿತ್ತು. ನಿಕ್ಸನ್, ಕಿಸಿಂಜರ್ ಬೀಜಿಂಗ್ ಕದ ತಟ್ಟುವ ಹೊತ್ತಿಗೆ ಮುಸ್ತಾಂಗ್‌ಗೆ ಹಣ ನಿಂತಿತ್ತು. 1974ರಲ್ಲಿ ನೇಪಾಳದ ಸೈನ್ಯ ಅಲ್ಲಿಗೆ ನುಗ್ಗುವ ಮೊದಲು ದಲೈ ಲಾಮಾ ತಮ್ಮ ದನಿಯನ್ನೇ ಧ್ವನಿಮುದ್ರಿಸಿ ಕಳಿಸಿ, ಶಸ್ತ್ರ ಕೆಳಗಿಡಿ ಎಂದು ಕೇಳಿಕೊಳ್ಳಬೇಕಾಯಿತು. ಆ ಟೇಪು ಕೇಳಿ ಬಂದೂಕು ಒಪ್ಪಿಸಿದವರುಂಟು. ಒಪ್ಪಿಸಲಾರದೆ ಪ್ರಾಣ ಕಳೆದುಕೊಂಡವರೂ ಉಂಟು.

ಇನ್ನು ಭಾರತ. 1959ರ ಏಪ್ರಿಲ್ 3ರಂದು ನೆಹರೂ ಸಂಸತ್ತಿಗೆ ದಲೈ ಲಾಮಾಗೆ ಆಶ್ರಯ ಕೊಟ್ಟಿರುವುದಾಗಿ ತಿಳಿಸಿದರು. ಅದೇ ತಿಂಗಳು ಲೋಕಸಭೆಯಲ್ಲಿ ತಮ್ಮ ನೀತಿಯ ಮೂರು ಎಳೆಗಳನ್ನು ಬಿಡಿಸಿಟ್ಟರು: ಭಾರತದ ಭದ್ರತೆ, ಚೀನಾದ ಜೊತೆ ಸ್ನೇಹ, ಟಿಬೆಟ್ ಜನರ ಬಗ್ಗೆ ಅನುಕಂಪ. ಕ್ರಮವೂ ಹಾಗೆಯೇ ಇತ್ತು. ಐದು ವರ್ಷ ಹಿಂದೆ ಸಹಿ ಹಾಕಿದ್ದ ಪಂಚಶೀಲ ಒಪ್ಪಂದದ ಹೆಸರಿನಲ್ಲೇ 'ಚೀನಾದ ಟಿಬೆಟ್ ಪ್ರದೇಶ' ಎಂಬ ಮಾತಿತ್ತು. ಅದನ್ನು ನುಂಗಿಕೊಳ್ಳುವುದು ಕಷ್ಟವಾಗಿತ್ತು. ವಿಶ್ವಸಂಸ್ಥೆಗೆ ಹೋದರೆ ಪ್ರಯೋಜನವಿಲ್ಲ, ಚೀನಾ ಅಲ್ಲಿ ಸದಸ್ಯ ದೇಶವೇ ಅಲ್ಲ ಎಂಬುದು ನೆಹರೂ ವಾದ. ಅದರಲ್ಲಿ ಸತ್ಯವೂ ಇತ್ತು, ಚೀನಾದ ಕುರ್ಚಿಯಲ್ಲಿ ಆಗ ಕೂತದ್ದು ತೈವಾನ್. ಆದರೆ ಜಯಪ್ರಕಾಶ ನಾರಾಯಣರಿಗೆ ಈ ವಾದ ಹಿಡಿಸಲಿಲ್ಲ. ಅವರು ಕಲ್ಕತ್ತಾದಲ್ಲಿ ಟಿಬೆಟ್ ಸಮ್ಮೇಳನ ಕರೆದರು, ಮರುವರ್ಷ ದೆಹಲಿಯಲ್ಲಿ ಆಫ್ರಿಕಾ, ಏಷ್ಯಾ ದೇಶಗಳ ಪ್ರತಿನಿಧಿಗಳನ್ನು ಸೇರಿಸಿದರು. ಜಿನೀವಾದ ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗ ಟಿಬೆಟ್ ಬಗ್ಗೆ ವಿಚಾರಣೆ ನಡೆಸಿದಾಗ ಮುಂದೆ ನಿಂತವರು ಭಾರತದ ವಕೀಲ, ಸಮಾಜವಾದಿ ಪುರುಷೋತ್ತಮ ತ್ರಿಕಮ್‌ದಾಸ್. ನಿರಾಶ್ರಿತರ ಸಾಕ್ಷ್ಯಗಳನ್ನು ಕಲೆಹಾಕಿ, ಚೀನಾದ ಸ್ವಂತ ಪ್ರಕಟಣೆಗಳ ಜೊತೆ ಹೋಲಿಸಿ ಆಯೋಗ ಕೊಟ್ಟ ಎರಡು ವರದಿಗಳು ಇಂದಿಗೂ ಮೊದಲು ಓದಬೇಕಾದ ದಾಖಲೆಗಳು. ಸರ್ಕಾರ ತಟಸ್ಥವಾಗಿದ್ದಾಗ ಅದೇ ದೇಶದ ಪ್ರಜೆಗಳು ತಟಸ್ಥರಾಗಿರಲಿಲ್ಲ.

1961ರಲ್ಲಿ ವಿಶ್ವಸಂಸ್ಥೆ ಮತ್ತೊಂದು ನಿರ್ಣಯ ಮಾಡಿತು. ಸ್ವಯಂನಿರ್ಣಯದ ಹಕ್ಕು ಎಂಬ ಮಾತು ಅದರಲ್ಲಿ ಬಂತು. 1965ರ ಡಿಸೆಂಬರ್‌ನಲ್ಲಿ ಮೂರನೆಯದು. ಈ ಸಲ ಭಾರತ ಪರವಾಗಿ ಮತ ಹಾಕಿತು! ಆರು ವರ್ಷದಲ್ಲಿ ಟಿಬೆಟ್‌ನ ಸ್ಥಿತಿ ಬದಲಾಗಿತ್ತೇ? ಬದಲಾದದ್ದು ಭಾರತದ ಸ್ಥಿತಿ. 1962ರ ಯುದ್ಧ ನಡೆದುಹೋಗಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಕಾದಾಡುತ್ತಿರುವಾಗಲೇ ಚೀನಾ ಗಡುವಿನ ಪತ್ರ ಕಳಿಸಿತ್ತು. ಭಾರತದ ಸೈನಿಕರು 800 ಕುರಿ, 59 ಯಾಕ್ ಕದ್ದಿದ್ದಾರೆ, ವಾಪಸು ಕೊಡಿ ಎಂಬುದೂ ಆ ಪತ್ರದ ದೂರುಗಳಲ್ಲಿ ಒಂದು. ಆಗ ಜನಸಂಘದ ಯುವ ಸಂಸದರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ದೆಹಲಿಯ ಚೀನಾ ರಾಯಭಾರ ಕಚೇರಿ ಮುಂದೆ ಕುರಿಮಂದೆಯನ್ನೇ ಹೊಡೆದುಕೊಂಡು ಹೋದರು. ದೆಹಲಿ ಬೀದಿಯಲ್ಲಿ ಬ್ಯಾ ಬ್ಯಾ ಎನ್ನುತ್ತ ನಡೆದ ಆ ಮೆರವಣಿಗೆ ಚೀನಾವನ್ನು ಎಷ್ಟು ಕೆರಳಿಸಿತೆಂದರೆ ಅದಕ್ಕೂ ಒಂದು ಪ್ರತಿಭಟನಾ ಪತ್ರ ಬಂತು. ಅದೇ ವಾಜಪೇಯಿ ಪ್ರಧಾನಿಯಾಗಿ 2003ರ ಜೂನ್‌ನಲ್ಲಿ ಬೀಜಿಂಗ್‌ಗೆ ಹೋದಾಗ, ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭೂಭಾಗ ಎಂಬ ಮಾನ್ಯತೆಗೆ ಸಹಿ ಬಿತ್ತು.

1965ರ ನಂತರ ಸಾಮಾನ್ಯ ಸಭೆ ಟಿಬೆಟ್ ಬಗ್ಗೆ ಒಂದೇ ಒಂದು ನಿರ್ಣಯ ಮಾಡಿಲ್ಲ. 1971ರ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟ್ ಚೀನಾ ಆ ಸಭೆಯಲ್ಲಿ ಕುರ್ಚಿ ಪಡೆಯಿತು, ಭದ್ರತಾ ಮಂಡಳಿಯಲ್ಲಿ ವೀಟೊ ಅಧಿಕಾರವನ್ನೂ.

ಆ ಬಳಿಕದ ದೊಡ್ಡ ಪರೀಕ್ಷೆ 2008. ಬೀಜಿಂಗ್ ಒಲಿಂಪಿಕ್ಸ್‌ಗೆ ಇನ್ನು ಐದು ತಿಂಗಳು. ಮಾರ್ಚ್ 10ರಂದು ಲ್ಹಾಸಾದಲ್ಲಿ ಡ್ರೆಪುಂಗ್ ಮತ್ತು ಸೆರಾ ಮಠಗಳ ಭಿಕ್ಷುಗಳು ಮೆರವಣಿಗೆ ಹೊರಟರು, ಪೊಲೀಸರು ತಡೆದು ಹಿಡಿದೊಯ್ದರು. ನಾಲ್ಕು ದಿನ ಕಳೆದು ನಗರ ಹೊತ್ತಿಕೊಂಡಿತು. ಆ ದಿನ ಟಿಬೆಟಿಯನ್ ಗುಂಪುಗಳು ಹಾನ್ ಮತ್ತು ಹುಯಿ ಮುಸ್ಲಿಮರ ಅಂಗಡಿಗಳಿಗೆ ಬೆಂಕಿ ಇಟ್ಟದ್ದು, ಒಳಗಿದ್ದ ಅಮಾಯಕರು ಸತ್ತದ್ದು ನಿಜ. ಟಿಬೆಟ್ ಪರ ಬರೆಯುವವರು ಅದನ್ನು ಅಡಗಿಸಬೇಕಾಗಿಲ್ಲ. ಅದರ ಬೆನ್ನಿಗೆ ಬಂದ ದಮನ ಲ್ಹಾಸಾಕ್ಕೆ ಮಾತ್ರ ನಿಲ್ಲಲಿಲ್ಲ. ಗನ್ಸು, ಚಿಂಘಾಯ್, ಸಿಚುವಾನ್ ಪ್ರಾಂತ್ಯಗಳ ಟಿಬೆಟ್ ಸೀಮೆಗಳಿಗೂ ಹರಡಿತು; ಸಿಚುವಾನ್‌ನ ನ್ಗಾಬಾದಲ್ಲಿ ಗೋಲಿಬಾರ್ ಆಯಿತು. ಲ್ಹಾಸಾದ ಗಲಭೆಯಲ್ಲಿ 18 ನಾಗರಿಕರು, ಒಬ್ಬ ಪೊಲೀಸ್ ಸತ್ತರು ಎಂದು ಚೀನಾ ಹೇಳಿತು. ಎಲ್ಲ ಕಡೆಯದೂ ಸೇರಿ ಇನ್ನೂರಕ್ಕೂ ಹೆಚ್ಚು ಟಿಬೆಟಿಯನ್ನರು ಸತ್ತರು ಎಂದು ಧರ್ಮಶಾಲೆಯ ದೇಶಾಂತರಿ ಸರ್ಕಾರ ಹೇಳಿತು. ಎರಡರ ನಡುವಿನ ಸತ್ಯ ಅಳೆಯಲು ಹೊರಗಿನ ಕಣ್ಣು ಅಲ್ಲಿರಲಿಲ್ಲ. ಅನುಮತಿ ಇಟ್ಟುಕೊಂಡು ಆ ಹೊತ್ತಿಗೆ ಲ್ಹಾಸಾದಲ್ಲಿದ್ದ ಏಕೈಕ ವಿದೇಶಿ ಪತ್ರಕರ್ತ 'ದಿ ಎಕಾನಮಿಸ್ಟ್'ನ ಜೇಮ್ಸ್ ಮೈಲ್ಸ್. ಕೆಲವೇ ದಿನಗಳಲ್ಲಿ ಅವರೂ ಹೊರಡಬೇಕಾಯಿತು.

ಮಾರ್ಚ್ ಕೊನೆಯ ವಾರ ಚೀನಾ ಸರ್ಕಾರವೇ ಆರಿಸಿದ ಒಂದಷ್ಟು ವಿದೇಶಿ ವರದಿಗಾರರನ್ನು ಲ್ಹಾಸಾಗೆ ಕರೆದೊಯ್ಯಲಾಯಿತು. ಎಲ್ಲ ಶಾಂತವಾಗಿದೆ ಎಂದು ತೋರಿಸುವ ಪ್ರವಾಸ. 27ರಂದು ಜೋಖಾಂಗ್ ದೇವಾಲಯದಲ್ಲಿ ಅಧಿಕಾರಿ ವಿವರಿಸುತ್ತಿರುವಾಗಲೇ ಸುಮಾರು ಮೂವತ್ತು ಎಳೆಯ ಭಿಕ್ಷುಗಳು ಒಳನುಗ್ಗಿ, ಇದೆಲ್ಲ ಸುಳ್ಳು, ಇಲ್ಲಿ ಧರ್ಮದ ಸ್ವಾತಂತ್ರ್ಯವಿಲ್ಲ ಎಂದು ಕೂಗುತ್ತ ಅತ್ತರು. ಕ್ಯಾಮೆರಾಗಳ ಎದುರು ಹೀಗೆ ಬಾಯಿ ಬಿಟ್ಟರೆ ಮುಂದೆ ಏನಾಗುತ್ತದೆ ಎಂದು ಆ ಹುಡುಗರಿಗೆ ಗೊತ್ತಿಲ್ಲದೆ ಇರಲಿಲ್ಲ. ಆ ವರ್ಷ ಲೋಕದ ಯಾವ ರಾಜಧಾನಿಯಿಂದಲೂ ಇದಕ್ಕಿಂತ ಗಟ್ಟಿಯಾದ ಹೇಳಿಕೆ ಬರಲಿಲ್ಲ ಎಂದರೆ ತಪ್ಪಾಗದು.

ರಾಜಧಾನಿಗಳು ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಒಲಿಂಪಿಕ್ ಜ್ಯೋತಿಯ ಬಗ್ಗೆ. ಲಂಡನ್‌ನಲ್ಲಿ ನೂಕುನುಗ್ಗಲು, ಪ್ಯಾರಿಸ್‌ನಲ್ಲಿ ಜ್ಯೋತಿಯನ್ನು ಮತ್ತೆ ಮತ್ತೆ ಆರಿಸಿ ಬಸ್ಸಿಗೆ ಹತ್ತಿಸಿದರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆ ಗಳಿಗೆಯಲ್ಲಿ ದಾರಿಯನ್ನೇ ಬದಲಿಸಿದರು. ಏಪ್ರಿಲ್ 17ರಂದು ದೆಹಲಿಯ ರಾಜಪಥದಲ್ಲಿ ಸಾವಿರಾರು ಪೊಲೀಸರ ನಡುವೆ, ಜನರೇ ಇಲ್ಲದ ರಸ್ತೆಯಲ್ಲಿ ಜ್ಯೋತಿ ಓಡಿತು. ಫುಟ್‌ಬಾಲ್ ನಾಯಕ ಬೈಚುಂಗ್ ಭುಟಿಯಾ, ನಾನು ಹಿಡಿಯುವುದಿಲ್ಲ ಎಂದುಬಿಟ್ಟರು. ಫ್ರಾನ್ಸ್ ಅಧ್ಯಕ್ಷ ಸರ್ಕೋಜಿ ಉದ್ಘಾಟನೆಗೆ ಹೋಗದೆ ಇರುವ ಸುಳಿವು ಕೊಟ್ಟರು. ಆಗಸ್ಟ್ 8 ಬಂದಾಗ ಬೀಜಿಂಗ್ ಕ್ರೀಡಾಂಗಣದಲ್ಲಿ ಕೂತಿದ್ದರು. ಹಿಂದಿನ ಅಕ್ಟೋಬರ್‌ನಲ್ಲಿ ದಲೈ ಲಾಮಾ ಜೊತೆ ವೇದಿಕೆ ಏರಿ ಅಮೆರಿಕನ್ ಕಾಂಗ್ರೆಸ್ಸಿನ ಚಿನ್ನದ ಪದಕ ಕೊಡಿಸಿದ್ದ ಜಾರ್ಜ್ ಬುಷ್ ಕೂಡ ಅಲ್ಲೇ ಇದ್ದರು.

ಭಾರತದ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ದೆಹಲಿಯ ಚೀನಾ ರಾಯಭಾರ ಕಚೇರಿಯ ಆವರಣಕ್ಕೆ ಟಿಬೆಟಿಯನ್ ಯುವಕರು ನುಗ್ಗಿದ್ದಕ್ಕೆ, ಬೀಜಿಂಗ್‌ನಲ್ಲಿ ಭಾರತದ ರಾಯಭಾರಿಯಾಗಿದ್ದ ನಿರುಪಮಾ ರಾವ್ ಅವರನ್ನು ಚೀನಾದ ವಿದೇಶಾಂಗ ಇಲಾಖೆ ಕರೆಸಿಕೊಂಡಿತು. ಕರೆಸಿಕೊಂಡದ್ದು ರಾತ್ರಿ ಎರಡು ಗಂಟೆಗೆ. ರಾಜತಾಂತ್ರಿಕ ಭಾಷೆಯಲ್ಲಿ ಬೈಗುಳಕ್ಕಿಂತ ಗಡಿಯಾರಕ್ಕೆ ಹೆಚ್ಚು ಅರ್ಥ. ದೆಹಲಿ ಅದನ್ನು ಸಹಿಸಿಕೊಂಡಿತು.

ಅದೇ ವರ್ಷ ಅಕ್ಟೋಬರ್ 29ರಂದು ಬ್ರಿಟನ್ ಮಾಡಿದ ಕೆಲಸ ಯಾವ ಪತ್ರಿಕೆಯ ಮುಖಪುಟದಲ್ಲೂ ದೊಡ್ಡದಾಗಿ ಬರಲಿಲ್ಲ, ಜಗತ್ತಿನ ಬ್ಯಾಂಕುಗಳು ಉರುಳುತ್ತಿದ್ದ ಹೊತ್ತದು. ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಸಂಸತ್ತಿಗೆ ಒಂದು ಲಿಖಿತ ಹೇಳಿಕೆ ಕೊಟ್ಟರು. ಟಿಬೆಟ್ ಸ್ವಾಯತ್ತ, ಚೀನಾಕ್ಕೆ ಅದರ ಮೇಲಿರುವುದು ಮೇಲಧಿಕಾರ ಮಾತ್ರ ಎಂದು ಇಪ್ಪತ್ತನೇ ಶತಮಾನದ ಆರಂಭದಿಂದ ಬ್ರಿಟನ್ ಹಿಡಿದುಕೊಂಡು ಬಂದ ನಿಲುವು ಕಾಲಕ್ಕೆ ಹೊಂದದ್ದು ಎಂದು ಅದನ್ನು ಕೈಬಿಟ್ಟು, ಉಳಿದವರಂತೆ ಬ್ರಿಟನ್ ಕೂಡ ಟಿಬೆಟನ್ನು ಚೀನಾದ ಭಾಗವೆಂದು ಒಪ್ಪುತ್ತದೆ ಎಂದರು. ಲ್ಹಾಸಾದಲ್ಲಿ ರಕ್ತ ಹರಿದ ವರ್ಷವೇ, ದಲೈ ಲಾಮಾ ಪ್ರತಿನಿಧಿಗಳು ಬೀಜಿಂಗ್‌ನಲ್ಲಿ ಮಾತುಕತೆಗೆ ಕೂರುವ ಹೊತ್ತಿಗೇ ಈ ಉಡುಗೊರೆ. ಬದಲಿಗೆ ಏನು ಸಿಕ್ಕಿತು? ಮಾತುಕತೆಯಲ್ಲಿ ಚೀನಾ ಸ್ವಾಯತ್ತತೆಯ ಪ್ರಸ್ತಾವವನ್ನು ತಳ್ಳಿಹಾಕಿತು.

ದೆಹಲಿಗೂ ಇದು ಪರರ ಮನೆಯ ವಿಷಯವಾಗಿರಲಿಲ್ಲ. ಅರುಣಾಚಲದ ಗಡಿ ಎಂದು ನಾವು ತೋರಿಸುವ ಮ್ಯಾಕ್‌ಮಹೋನ್ ರೇಖೆ ಹುಟ್ಟಿದ್ದು 1914ರಲ್ಲಿ, ಬ್ರಿಟಿಷ್ ಇಂಡಿಯಾ ಮತ್ತು ಟಿಬೆಟ್ ಪ್ರತಿನಿಧಿಗಳು ಬದಲಾಯಿಸಿಕೊಂಡ ಪತ್ರಗಳಲ್ಲಿ. ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಟಿಬೆಟ್‌ಗೆ ಇತ್ತು ಎಂದಾದರೆ ಮಾತ್ರ ಆ ರೇಖೆಗೆ ಕಾನೂನಿನ ಬಲ. ರೇಖೆ ಎಳೆದ ದೇಶವೇ ಅದರ ಬುಡವನ್ನು ಸಡಿಲ ಮಾಡಿತು, ನಾವೂ ಅದಕ್ಕೆ ಐದು ವರ್ಷ ಮೊದಲೇ ಬೇರೆ ಮಾತಿನಲ್ಲಿ ಅದನ್ನೇ ಮಾಡಿದ್ದೆವು.

ಆಮೇಲಿನ ಕತೆ ಬೆಲೆಪಟ್ಟಿಯ ಕತೆ. 2008ರ ಡಿಸೆಂಬರ್‌ನಲ್ಲಿ ಸರ್ಕೋಜಿ ಪೋಲೆಂಡ್‌ನಲ್ಲಿ ದಲೈ ಲಾಮಾರನ್ನು ಭೇಟಿಯಾಗುತ್ತಾರೆ ಎಂದು ತಿಳಿದ ಚೀನಾ, ಐರೋಪ್ಯ ಒಕ್ಕೂಟದ ಜೊತೆಗಿನ ಶೃಂಗಸಭೆಯನ್ನೇ ಮುಂದೂಡಿತು. 2010ರಲ್ಲಿ ಒಬಾಮ ಭೇಟಿ ಮಾಡಿದರು, ಆದರೆ ದಲೈ ಲಾಮಾ ಶ್ವೇತಭವನದಿಂದ ಹೊರಬಂದದ್ದು ಕಸದ ಚೀಲಗಳು ರಾಶಿ ಬಿದ್ದಿದ್ದ ಪಕ್ಕದ ಬಾಗಿಲಿನಿಂದ. ಆ ಫೋಟೊ ಲೋಕವೆಲ್ಲ ನೋಡಿತು. 2012ರಲ್ಲಿ ಭೇಟಿಯಾದ ಬ್ರಿಟನ್ ಪ್ರಧಾನಿ ಕ್ಯಾಮರೂನ್, ಮರುವರ್ಷ ಅಂಥ ಯೋಚನೆ ಮತ್ತೆ ಇಲ್ಲ ಎಂದರು. 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟ ಊರು ಓಸ್ಲೋ. ಅದರ ಇಪ್ಪತ್ತೈದನೇ ವರ್ಷಕ್ಕೆ ದಲೈ ಲಾಮಾ ಅಲ್ಲಿಗೆ ಹೋದಾಗ ನಾರ್ವೆಯ ಸಚಿವರು ಭೇಟಿಗೆ ಸಿಗಲಿಲ್ಲ. ದಕ್ಷಿಣ ಆಫ್ರಿಕಾ ಡೆಸ್ಮಂಡ್ ಟುಟು ಅವರ ಎಂಬತ್ತನೇ ಹುಟ್ಟುಹಬ್ಬಕ್ಕೂ ವೀಸಾ ಕೊಡಲಿಲ್ಲ. ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಂಡ್ರಿಯಾಸ್ ಫುಕ್ಸ್ ಮತ್ತು ನಿಲ್ಸ್ ಹೆಂಡ್ರಿಕ್ ಕ್ಲಾನ್ ಇದನ್ನು ಅಂಕಿಅಂಶಗಳಲ್ಲೇ ಹಿಡಿದರು: 2002ರ ನಂತರದ ವರ್ಷಗಳಲ್ಲಿ ದಲೈ ಲಾಮಾರನ್ನು ದೇಶದ ಮುಖ್ಯಸ್ಥರು ಕಂಡರೆ ಚೀನಾಕ್ಕೆ ಆ ದೇಶದ ರಫ್ತು ಇಳಿಯುತ್ತದೆ, ಎರಡು ವರ್ಷದೊಳಗೆ ಮತ್ತೆ ಸರಿಹೋಗುತ್ತದೆ. ಎರಡೇ ವರ್ಷ! ಅಷ್ಟು ತಾಳಿಕೊಳ್ಳುವವರೂ ಸಿಗಲಿಲ್ಲ.

ಈ ಹೇಳಿಕೆಗಳೆಲ್ಲ ಬಂದು ಹೋಗುವ ನಡುವೆ ನಿಜವಾಗಿ ಪರಿಣಾಮ ಮಾಡಿದ ಪ್ರತಿಕ್ರಿಯೆ ಯಾವುದು ಎಂದರೆ ನೇಪಾಳದ್ದು. ಅದೂ ತಲೆಕೆಳಗಾಗಿ. 2008ಕ್ಕೆ ಮುಂಚೆ ವರ್ಷಕ್ಕೆ ಎರಡು, ಮೂರು ಸಾವಿರ ಟಿಬೆಟಿಯನ್ನರು ಹಿಮದ ಕಣಿವೆ ದಾಟಿ ನೇಪಾಳದ ಮೂಲಕ ಭಾರತಕ್ಕೆ ಬರುತ್ತಿದ್ದರು. ಚೀನಾ ತನ್ನ ಕಡೆಯಿಂದ ಕಾವಲು ಬಿಗಿ ಮಾಡಿತು, ಕಠ್ಮಂಡು ಈ ಕಡೆಯಿಂದ. ಈಗ ಬರುವವರು ಬೆರಳೆಣಿಕೆಯವರು. 2009ರಿಂದೀಚೆಗೆ ಟಿಬೆಟ್ ಸೀಮೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಮೈಗೆ ಬೆಂಕಿ ಹಚ್ಚಿಕೊಂಡರು. ಆ ಸುದ್ದಿ ಹೊತ್ತು ತರಲು ದಾರಿಯೂ ಇಲ್ಲ, ಜನವೂ ಇಲ್ಲ. ಸುಮಾರು ಹತ್ತು ಲಕ್ಷ ಟಿಬೆಟಿಯನ್ ಮಕ್ಕಳು ಸರ್ಕಾರಿ ವಸತಿ ಶಾಲೆಗಳಲ್ಲಿ ಮನೆ, ಭಾಷೆ ಬಿಟ್ಟು ಬೆಳೆಯುತ್ತಿದ್ದಾರೆ ಎಂದು 2023ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಮೂವರು ತಜ್ಞರು ಎಚ್ಚರಿಸಿದರು. ಚೀನಾ ಸುಳ್ಳು ಎಂದಿತು. ಹೋಗಿ ಮುಕ್ತವಾಗಿ ನೋಡಿ ಬರಲು ಯಾರಿಗೂ ಅವಕಾಶವಿಲ್ಲದಿರುವಾಗ ಖಂಡನೆಯೂ ನಿರಾಕರಣೆಯೂ ಒಂದೇ ತೂಕಕ್ಕೆ ಬರುತ್ತವೆ.

ಈ ದಾಖಲೆಯಲ್ಲಿ ಕರ್ನಾಟಕದ ಪುಟ ಬೇರೆ ತರಹದ್ದು. 1959ರಲ್ಲಿ ತಟಸ್ಥವಾಗಿ ಕೂತಿದ್ದ ದೇಶವೇ ರಾಜ್ಯಗಳಿಗೆ ಪತ್ರ ಬರೆದು, ನಿರಾಶ್ರಿತರಿಗೆ ಜಮೀನು ಕೊಡುತ್ತೀರಾ ಎಂದು ಕೇಳಿತು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ, ಟಿಬೆಟಿಯನ್ನರ ನೆನಪಿನಲ್ಲಿ ನಿಂತ ಹೆಸರು ಎಸ್. ನಿಜಲಿಂಗಪ್ಪನವರದು. ಬಿದಿರಿನ ಗುಡಿಸಲು, ಆನೆ ಕಾಟ, ಒಗ್ಗದ ಸೆಕೆ. ಯಾಕ್ ಕಾಯುತ್ತಿದ್ದವರು ಮುಸುಕಿನ ಜೋಳ ಬಿತ್ತಲು ಕಲಿತರು. ಆಮೇಲೆ ಮುಂಡಗೋಡ, ಹುಣಸೂರು ಬಳಿಯ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಲ್ಹಾಸಾದ ಮೂರು ಮಹಾಮಠಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡದಲ್ಲಿ ಮತ್ತೆ ತಲೆ ಎತ್ತಿದವು. ಸುತ್ತಲ ಊರವರ ಬಾಯಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಕ್ಯಾಂಪು.

ಹಾಗೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವಷ್ಟೇನೂ ಇಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಕನ್ನಡದಲ್ಲೇ ಚೌಕಾಶಿ ಮಾಡುವ ಮೂರನೇ ತಲೆಮಾರಿನವರೂ ವಿದೇಶಿಯರ ನೋಂದಣಿ ಪತ್ರ, ಅವರ ಮಾತಿನಲ್ಲಿ 'ಆರ್‌ಸಿ', ನವೀಕರಿಸಿಕೊಳ್ಳುತ್ತ ಇರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಬೇಕಾಯಿತು; ಕಾನೂನು ಮೊದಲಿನಿಂದಲೂ ಹಾಗೇ ಇತ್ತು, ಪಾಸ್‌ಪೋರ್ಟ್ ಕಚೇರಿಗಳು ಒಪ್ಪುತ್ತಿರಲಿಲ್ಲ ಅಷ್ಟೆ. ಬೈಲಕುಪ್ಪೆಯ ಮಠದಲ್ಲಿ ಒಂದು ರಾತ್ರಿ ತಂಗಲು ವಿದೇಶಿಯರು ಗೃಹ ಸಚಿವಾಲಯದ ಪರವಾನಗಿ ತರಬೇಕು. ಲ್ಹಾಸಾಗೆ ಹೋಗಲೂ ಪರವಾನಗಿ ಬೇಕು. ಎರಡೂ ಒಂದೇ ಎನ್ನುವುದು ಅನ್ಯಾಯ, ಆದರೆ ಸಾಮ್ಯ ಕಣ್ಣಿಗೆ ಚುಚ್ಚುತ್ತದೆ.

2018 ಬಂತು, ಟಿಬೆಟಿಯನ್ನರು ಭಾರತಕ್ಕೆ ಧನ್ಯವಾದ ಹೇಳುವ ವರ್ಷಾಚರಣೆ ಮಾಡಹೊರಟರು. ಚೀನಾದ ಜೊತೆ ಸಂಬಂಧ ನಾಜೂಕಾಗಿರುವ ಹೊತ್ತು, ಹಿರಿಯ ನಾಯಕರು, ಅಧಿಕಾರಿಗಳು ಹೋಗದಿರುವುದು ಒಳ್ಳೆಯದು ಎಂಬ ಟಿಪ್ಪಣಿ ದೆಹಲಿಯ ಕಡತಗಳಲ್ಲಿ ಓಡಾಡಿತು. ಸಮಾರಂಭ ಧರ್ಮಶಾಲೆಗೆ ಹೋಯಿತು. ನಾಲ್ಕು ತಿಂಗಳ ನಂತರ ಬೆಂಗಳೂರಿನಲ್ಲಿ ಅದೇ ಬಗೆಯ ಧನ್ಯವಾದದ ಸಭೆ ನಡೆದಾಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ದಲೈ ಲಾಮಾ ಪಕ್ಕದಲ್ಲೇ ಕೂತಿದ್ದರು. ಆಕಾಶ ಕಳಚಿ ಬೀಳಲಿಲ್ಲ.

ಮುಂದಿನ ಪರೀಕ್ಷೆಗೆ ಬಂದೂಕು ಬೇಕಿಲ್ಲ. 2025ರ ಜುಲೈ 6ಕ್ಕೆ ದಲೈ ಲಾಮಾಗೆ 90 ತುಂಬಿತು. ಅದಕ್ಕೆ ನಾಲ್ಕು ದಿನ ಮೊದಲು, ತಮ್ಮ ನಂತರವೂ ಈ ಪೀಠ ಮುಂದುವರಿಯುತ್ತದೆ, ಮುಂದಿನ ಅವತಾರವನ್ನು ಗುರುತಿಸುವ ಹಕ್ಕು ತಮ್ಮ ಗಾಡೆನ್ ಫೋಡ್ರಾಂಗ್ ಟ್ರಸ್ಟ್‌ಗೆ ಮಾತ್ರ ಎಂದು ಅವರು ಸಾರಿದರು. ಚಿನ್ನದ ಕಲಶದಲ್ಲಿ ಚೀಟಿ ಎತ್ತುವ ಪದ್ಧತಿಯಿಂದ, ಬೀಜಿಂಗ್‌ನ ಒಪ್ಪಿಗೆಯಿಂದಲೇ ಆಗಬೇಕು ಎಂದು ಚೀನಾ ಅಂದೇ ಉತ್ತರಿಸಿತು. ನಂಬಿಕೆ, ಧಾರ್ಮಿಕ ಆಚರಣೆಗಳ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಾಳುವುದಿಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ ಹೇಳಿತು. ಹೇಳಿಕೆ ನುಣುಪಾಗಿದೆ. ಆದರೆ ನಾಳೆ ಇಬ್ಬರು ದಲೈ ಲಾಮಾಗಳು, ಒಬ್ಬ ಬೀಜಿಂಗ್ ಆರಿಸಿದ ಹುಡುಗ, ಒಬ್ಬ ಟ್ರಸ್ಟ್ ಗುರುತಿಸಿದ ಮಗು, ಎದ್ದು ನಿಂತಾಗ ಈ ನುಣುಪು ಹೆಚ್ಚು ದಿನ ನಿಲ್ಲದು. ಆ ಮಗುವಿಗೆ ಪಾಠ ಹೇಳಬೇಕಾದ ಮಠಗಳು ಮೈಸೂರು ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿವೆ. ಭದ್ರತೆ ಕೊಡಬೇಕಾದದ್ದು ಕರ್ನಾಟಕದ ಪೊಲೀಸರು, ದರ್ಶನಕ್ಕೆ ಬರುವ ಮಂಗೋಲಿಯಾ, ಲಡಾಖ್, ಭೂತಾನ್ ಭಕ್ತರಿಗೆ ದಾರಿ ಮಾಡಿಕೊಡಬೇಕಾದವರು ಇಲ್ಲಿನ ಜಿಲ್ಲಾಧಿಕಾರಿಗಳು. ಆಗ ಯಾರನ್ನು ಒಳಗೆ ಬಿಡಬೇಕು, ಯಾವ ಸಭೆಗೆ ಅನುಮತಿ ಕೊಡಬೇಕು, ಯಾವ ಸಚಿವರು ಹೋಗಬಹುದು ಎಂಬುದನ್ನು ರಾತ್ರಿ ಎರಡು ಗಂಟೆಗೆ ಬರುವ ಫೋನ್ ಕರೆ ತೀರ್ಮಾನಿಸುವಂತಾಗಬಾರದು. ಉತ್ತರಾಧಿಕಾರಿಯನ್ನು ಆರಿಸುವ ಹಕ್ಕು ಟಿಬೆಟಿಯನ್ನರದೇ ಎಂಬ ಒಂದು ಸಾಲನ್ನು ಸಂಸತ್ತಿನಲ್ಲಿ ಈಗಲೇ ಹೇಳಿ ಕಡತಕ್ಕೆ ಸೇರಿಸಲು ದೆಹಲಿಗೆ ಯಾವ ನಿರ್ಣಯವೂ ಬೇಕಿಲ್ಲ, ನ್ಯೂಯಾರ್ಕ್‌ನ ಮತವೂ ಬೇಕಿಲ್ಲ.